ಕಾಲುವೆಯ ನೀರು ನೇರವಾಗಿ ಹರಿದರೂ ಕರ್ಲ್ ಸೊನ್ನೆಯಾಗದೇಕೆ?

ಪ್ರಶ್ನೆ (ಕೊಪ್ಪಳದ ಬಿಎಸ್ಸಿ ವಿದ್ಯಾರ್ಥಿನಿ)
ಗ್ರೇಡಿಯೆಂಟ್ ನನಗೆ ತಕ್ಕಮಟ್ಟಿಗೆ ತಿಳಿದಿದೆ. ಬೆಟ್ಟದ ಮೇಲೆ ನಿಂತಾಗ ಕಡಿದಾದ ಏರು ಯಾವ ಕಡೆಗಿದೆ ಎಂಬುದನ್ನು ಅದು ತೋರಿಸುತ್ತದೆ. ಕರ್ಲ್ ಮಾತ್ರ ತಲೆಗೆ ಹತ್ತುತ್ತಿಲ್ಲ. ಡಿಟರ್ಮಿನೆಂಟ್ ಬಿಡಿಸಿ ಉತ್ತರ ತೆಗೆಯುತ್ತೇನೆ, ಆದರೆ ಆ ಉತ್ತರದ ಅರ್ಥವೇನೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ಕರ್ಲ್ ಎಂದರೆ ಸುತ್ತುವಿಕೆ ಎನ್ನುತ್ತಾರೆ. ಹಾಗಿದ್ದರೆ ನೇರವಾಗಿ ಹರಿಯುವ ಕ್ಷೇತ್ರಕ್ಕೂ (ಪ್ರತಿ ಬಿಂದುವಿನಲ್ಲೂ ಒಂದು ವೇಗ, ಒಂದು ದಿಕ್ಕು ಇರುವ ಹರಿವಿಗೂ) ಕರ್ಲ್ ಬರುವುದು ಹೇಗೆ? ಮೂಲಬಿಂದುವನ್ನು ಸುತ್ತುತ್ತ, ದೂರ ಎಷ್ಟು ಪಟ್ಟು ಹೆಚ್ಚಿದರೆ ವೇಗ ಅಷ್ಟೇ ಪಟ್ಟು ಕುಗ್ಗುವ (ವೇಗ = 1/ದೂರ) ಕ್ಷೇತ್ರಕ್ಕೆ ಕರ್ಲ್ ಸೊನ್ನೆ ಬಂದದ್ದು ಹೇಗೆ?

ಉತ್ತರ 1 (ರಾಯಚೂರು, ನಿವೃತ್ತ ಉಪನ್ಯಾಸಕ)
ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೀವು ನೋಡಿಯೇ ಇರುತ್ತೀರಿ. ದಂಡೆಗೆ ತಾಗಿದ ನೀರು ನಿಧಾನ, ನಡುವಿನದು ಚುರುಕು. ಜೋಳದ ದಂಟಿನ ಎರಡು ತುಂಡುಗಳನ್ನು ಅಡ್ಡಡ್ಡ ಕಟ್ಟಿ ಎಡದಂಡೆಯ ಸಮೀಪ ತೇಲಿಬಿಟ್ಟರೆ, ನಡುವಿನ ಕಡೆಗಿರುವ ತುದಿ ಮುಂದೋಡಿ ದಂಡೆಯ ಕಡೆಯ ತುದಿ ಹಿಂದುಳಿಯುವುದರಿಂದ, ಮೇಲಿನಿಂದ ನೋಡುವವರಿಗೆ ಅದು ಅಪ್ರದಕ್ಷಿಣವಾಗಿ ತಿರುಗುತ್ತ ಸಾಗುತ್ತದೆ. ಬಲದಂಡೆಯ ಸಮೀಪ ಪ್ರದಕ್ಷಿಣವಾಗಿ ತಿರುಗುತ್ತದೆ. ದಂಡೆಯಿಂದ ನಡುವಿಗೆ 5 ಮೀಟರ್ ಅಂತರದಲ್ಲಿ ವೇಗವು ಸಮನಾಗಿ ಏರುತ್ತ ಸೊನ್ನೆಯಿಂದ ಸೆಕೆಂಡಿಗೆ 1 ಮೀಟರ್ ಆಗುತ್ತದೆ ಎಂದಿಟ್ಟುಕೊಳ್ಳಿ. ಆಗ ಕರ್ಲ್ 0.2. ದಂಟು ತಿರುಗುವ ಕೋನವೇಗ ಅದರ ಅರ್ಧ, ಅಂದರೆ ಸೆಕೆಂಡಿಗೆ 0.1 ರೇಡಿಯನ್, ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ನಿಮಿಷ. ಕರ್ಲ್ ಹೇಳುವುದು ನೀರು ಸಾಗುವ ದಾರಿ ಬಾಗಿದೆಯೇ ಎಂಬುದನ್ನಲ್ಲ, ದಂಟು ತನ್ನ ಸುತ್ತ ತಾನು ತಿರುಗುತ್ತದೆಯೇ ಎಂಬುದನ್ನು.

ನೀವು ಕೇಳಿದ ಎರಡನೆಯ ಕ್ಷೇತ್ರದಲ್ಲಿ, ಹರಿವಿನಗುಂಟ ಇರುವ ದಂಟು ಬಾಗಿದ ದಾರಿಯ ಜೊತೆ ಎಡಕ್ಕೆ ತಿರುಗಿದಷ್ಟೇ, ಅಡ್ಡಲಾಗಿರುವ ಇನ್ನೊಂದು, ಅದರ ಒಳತುದಿ ಮುಂದೋಡುವುದರಿಂದ, ಬಲಕ್ಕೆ ತಿರುಗಲು ಎಳೆಯುತ್ತದೆ. ಹೀಗಾಗಿ ಕಟ್ಟಿದ ದಂಟು ಸುಳಿಯನ್ನು ಸುತ್ತಿದರೂ ತಾನು ತಿರುಗುವುದಿಲ್ಲ.

ಉತ್ತರ 2 (ಬಳ್ಳಾರಿ)
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅದೇ ಕ್ಷೇತ್ರವನ್ನು ಮೂಲಬಿಂದುವಿನ ಸುತ್ತ ಒಂದು ವೃತ್ತದ ಮೇಲೆ ರೇಖಾ ಅನುಕಲನ ಮಾಡಿದರೆ (ದಾರಿಗುಂಟ ಇರುವ ವೇಗವನ್ನು ಸುತ್ತಲೂ ಕೂಡಿಸುತ್ತ ಹೋದರೆ) 2 ಪೈ ಬರುತ್ತದೆ, ಅಂಚಿನ ಸುತ್ತಲಿನ ಈ ಅನುಕಲನ ಒಳಗಿನ ಕರ್ಲ್‌ನ ಒಟ್ಟು ಮೊತ್ತಕ್ಕೆ ಸಮ ಎನ್ನುವ ಸ್ಟೋಕ್ಸ್ ಪ್ರಮೇಯದ ಪ್ರಕಾರ ಸೊನ್ನೆ ಬರಬೇಕಲ್ಲವೇ ಎಂದು ಮುಂದೆ ನೀವು ಗಾಬರಿಯಾಗುವಿರಿ. ನಾನಂತೂ ಆಗಿದ್ದೆ. ಮೂಲಬಿಂದುವಿನಲ್ಲಿ ಕ್ಷೇತ್ರಕ್ಕೆ ಬೆಲೆಯೇ ಇಲ್ಲದ ಕಾರಣ ಆ ವೃತ್ತದೊಳಗಿನ ಇಡೀ ತಟ್ಟೆಯ ಮೇಲೆ ಪ್ರಮೇಯವನ್ನು ಹಚ್ಚುವಂತಿಲ್ಲ. ಅಂದಹಾಗೆ, ಆ ಪ್ರಮೇಯ 1854ರಲ್ಲಿ ಕೇಂಬ್ರಿಜ್‌ನ ಸ್ಮಿತ್ ಬಹುಮಾನದ ಪರೀಕ್ಷೆಯ ಪ್ರಶ್ನೆಯಾಗಿತ್ತು. ಅಂದು ಪರೀಕ್ಷೆಗೆ ಕುಳಿತಿದ್ದ ಮ್ಯಾಕ್ಸ್‌ವೆಲ್ ಅವರೇ ಮುಂದೆ ಕರ್ಲ್ ಎಂಬ ಹೆಸರಿಟ್ಟರು.

ಪ್ರಶ್ನೆ ಕೇಳಿದವರು
ತ್ರಿಜ್ಯ 1 ಮತ್ತು 3 ಇರುವ ಎರಡು ವೃತ್ತಗಳ ಮೇಲೂ ಮಾಡಿ ನೋಡಿದೆ, ಎರಡೂ ಸಲ 2 ಪೈ ಬಂತು. ನಡುವಿನ ಬಳೆಯಾಕಾರದ ಭಾಗಕ್ಕೆ ಮೂಲಬಿಂದು ಸೇರದಿರುವುದರಿಂದ, ಅಲ್ಲಿ ಪ್ರಮೇಯ ಹಚ್ಚಿದಾಗ ಹೊರವೃತ್ತದಿಂದ ಒಳವೃತ್ತ ಕಳೆದು ಸೊನ್ನೆಯೇ ಉಳಿಯಿತು. ಇಬ್ಬರಿಗೂ ಧನ್ಯವಾದಗಳು, ಸರ್.