ಕೈ ಬಾವು ಇಳಿಯೋಕೆ ನೀರಿನ ಮಾತ್ರೆ ಸಾಕಾ?

ಪ್ರಶ್ನೆ:
ಎರಡು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಬಲ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್. ಚೆನ್ನಾಗೇ ಇದ್ದೆ. ಈಗ ಎರಡು ತಿಂಗಳಿಂದ ಬಲಗೈ ಭಾರ, ಸಂಜೆ ಹೊತ್ತಿಗೆ ಉಂಗುರ ಬಿಗಿಯಾಗುತ್ತದೆ, ಬೆಳಿಗ್ಗೆ ಸ್ವಲ್ಪ ಇಳಿದಿರುತ್ತದೆ. ಒಬ್ಬ ಡಾಕ್ಟರು ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದುಕೊಟ್ಟರು. ಹದಿನೈದು ದಿನ ನುಂಗಿದೆ, ಬಾತ್‌ರೂಮಿಗೆ ಓಡಾಡಿದ್ದೇ ಬಂತು. ಯಾವ ಟೆಸ್ಟ್ ಮಾಡಿಸಬೇಕು? ಪೂರ್ತಿ ವಾಸಿ ಆಗುತ್ತಾ?

ಉತ್ತರ 1:
ನಾನು ಫಿಸಿಯೋಥೆರಪಿಸ್ಟ್, ಇಂಥ ಕೈಕಾಲುಗಳನ್ನು ದಿನಾ ನೋಡ್ತೀನಿ. ನೀವು ಹೇಳೋದು ಲಿಂಫೆಡೀಮಾ ಥರ ಇದೆ, ಅಂದರೆ ಲಿಂಫ್ ಅನ್ನೋ ದ್ರವ ಸರಿಯಾಗಿ ಹರಿಯದೆ ಕಟ್ಟಿಕೊಂಡು ಬರುವ ಬಾವು. ಹಾಗಿದ್ದರೆ ಬಾವಿನಲ್ಲಿರೋದು ಬರೀ ನೀರಲ್ಲ, ಅದರಲ್ಲಿ ಪ್ರೋಟೀನೂ ಇರುತ್ತದೆ. ಮಾತ್ರೆ ನೀರನ್ನಷ್ಟೇ ಹೊರಗೆ ಹಾಕುತ್ತದೆ, ಪ್ರೋಟೀನ್ ಅಲ್ಲೇ ಕೂತು ಮತ್ತೆ ನೀರು ಎಳೆದುಕೊಳ್ಳುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ಬಿಪಿಗೂ ಕೆಲವು ಸಲ ಅದನ್ನೇ ಕೊಟ್ಟಿರುತ್ತಾರೆ.

ಮೊದಲು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿಲ್ಲ, ಗಂಟು ಮತ್ತೆ ಬಂದಿಲ್ಲ ಅಂತ ಖಾತ್ರಿ ಆಗಬೇಕು. ಆಮೇಲೆ ಟೇಪ್ ಹಿಡಿದು ಎರಡೂ ಕೈಯನ್ನು ಅವೇ ಜಾಗಗಳಲ್ಲಿ ಅಳೆಯಿರಿ. ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿ ನೋಡಿ. ದಪ್ಪಗಾಗಿ ಎತ್ತೋಕೇ ಬರದಿದ್ದರೆ ಲಿಂಫೆಡೀಮಾ ಅಂತ ಬಲವಾದ ಗುರುತು. ಎತ್ತೋಕೆ ಬಂತು ಅಂತ ನೆಮ್ಮದಿಯಾಗಿ ಕೂರಬೇಡಿ, ಶುರುವಿನಲ್ಲಿ ಹಾಗೇ ಇರುತ್ತದೆ. ಇನ್ನೂ ಸ್ಪಷ್ಟವಾಗಿ ಬೇಕಿದ್ದರೆ ಐಸಿಜಿ ಅನ್ನೋ ಹಸಿರು ಬಣ್ಣವನ್ನು ಚರ್ಮದ ಕೆಳಗೆ ಚುಚ್ಚಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುತ್ತಾರೆ. ಲಿಂಫ್ ಹರಿಯುವ ನಾಳ ಚೆನ್ನಾಗಿದ್ದರೆ ಪರದೆ ಮೇಲೆ ತೆಳ್ಳಗೆ ಗೆರೆ ಹರಿಯುತ್ತದೆ, ಕಟ್ಟಿಕೊಂಡಿದ್ದರೆ ಚೆಲ್ಲಿದ ಹಾಗೆ ಚರ್ಮದಲ್ಲೇ ಹರಡುತ್ತದೆ.

ಚಿಕಿತ್ಸೆ ಅಂದರೆ ಮೊದಲು ಪದರ ಪದರವಾಗಿ ಬಿಗಿ ಪಟ್ಟಿ, ಜೊತೆಗೆ ವ್ಯಾಯಾಮ, ಚರ್ಮದ ಆರೈಕೆ. ಮಸಾಜ್ ಕೂಡ ಇದೆ, ಆದರೆ ಗಟ್ಟಿಯಾಗಿ ಒತ್ತೋದಲ್ಲ, ಚರ್ಮ ಜಾರುವಷ್ಟು ಹಗುರ. ಬಾವು ಇಳಿದ ಮೇಲೆ ಅಳತೆಗೆ ತಕ್ಕ ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್) ದಿನಾ ಹಾಕಬೇಕು.

ಉತ್ತರ 2:
ನನಗೆ ಲಿಂಫೆಡೀಮಾ ಕಾಲಿನಲ್ಲಿ ಇತ್ತು, ಎಲ್‌ವಿಎ ಅನ್ನೋ ಆಪರೇಷನ್ ಮಾಡಿಸಿಕೊಂಡೆ. ಮಿಲಿಮೀಟರ್‌ಗಿಂತ ಸಣ್ಣ ಲಿಂಫ್ ನಾಳವನ್ನು ಮೈಕ್ರೋಸ್ಕೋಪ್ ಕೆಳಗೆ ಪಕ್ಕದ ಸಣ್ಣ ರಕ್ತನಾಳಕ್ಕೆ ಹೊಲಿಯುತ್ತಾರೆ. ಭಾರ ಕಡಿಮೆಯಾಯಿತು, ಆದರೆ ಪೂರ್ತಿ ವಾಸಿ ಅಂತ ಸುಳ್ಳು ಹೇಳಲ್ಲ, ಬಿಗಿ ಸಾಕ್ಸ್ ಈಗಲೂ ಹಾಕ್ತೀನಿ. ನಾನು ತಡ ಮಾಡಿದ್ದೇ ತಪ್ಪು. ನಾಳಗಳು ಇನ್ನೂ ಕೆಲಸ ಮಾಡುವಾಗಲೇ ಇದು ಚೆನ್ನಾಗಿ ಫಲ ಕೊಡೋದು. ವರ್ಷಗಟ್ಟಲೆ ಬಿಟ್ಟರೆ ಒಳಗೆ ಕೊಬ್ಬು ಸೇರಿ ಗಟ್ಟಿಯಾಗುತ್ತದೆ, ಆಗ ಪಟ್ಟಿಗೂ ಜಗ್ಗಲ್ಲ, ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಮಾಡಬೇಕಾಗಬಹುದು.

ಉತ್ತರ 3:
ಕೈ ಕೆಂಪಗಾಗಿ ಬಿಸಿಯಾದರೆ, ಜ್ವರ ಬಂದರೆ, ಪಟ್ಟಿ ಮಸಾಜ್ ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಸೋಂಕು ಆಗಿರಬಹುದು, ಹಾಗಿದ್ದರೆ ಆಂಟಿಬಯಾಟಿಕ್ ಬೇಕು. ಇನ್ನೊಂದು, ಆ ಕೈಯಲ್ಲಿ ಭಾರ ಎತ್ತಲೇಬಾರದು ಅನ್ನೋದು ಹಳೇ ಮಾತು. ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ತೊಂದರೆ ಇಲ್ಲ.

ಪ್ರಶ್ನೆ ಕೇಳಿದವರು:
ಈಗಷ್ಟೇ ಟೇಪ್ ಹಿಡಿದೆ. ಮೊಣಕೈ ಮೇಲೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ! ಚರ್ಮ ಮಾತ್ರ ಚಿವುಟೋಕೆ ಬರ್ತಿದೆ. ಉಂಗುರ ತೆಗೆದಿಟ್ಟೆ, ಸೋಪು ಹಚ್ಚಿ ಎಳೆಯಬೇಕಾಯಿತು. ನಾಳೆನೇ ಡಾಕ್ಟರಿಗೆ ಫೋನ್ ಮಾಡ್ತೀನಿ.