ಸಿಗ್ನಲ್ ಗೆರೆ ಪೂರ್ತಿ, ಮಾತು ಮಾತ್ರ ತುಂಡುತುಂಡು. ನಿಮಗೂ ಹೀಗಾಗಿದೆಯಾ?

ಹೊಸಕಿವಿ: ಇಲ್ಲಿ ಪೊಲೀಸ್, ಅಗ್ನಿಶಾಮಕದವರದು ಪಿ25 ಡಿಜಿಟಲ್ ರೇಡಿಯೋ, ಸಿಮಲ್‌ಕಾಸ್ಟ್ ಸಿಸ್ಟಂ (ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಅದೇ ಮಾತು ಕಳಿಸುತ್ತವೆ), 800 ಮೆಗಾಹರ್ಟ್ಸ್. ಅದನ್ನು ಕೇಳುವ ನನ್ನ ಸ್ಕ್ಯಾನರ್ ರೇಡಿಯೋದಲ್ಲಿ ಗೆರೆಗಳೆಲ್ಲ ತುಂಬಿರುತ್ತವೆ, ಆದರೆ ಮಾತು ರೋಬೋಟ್ ಗಂಟಲಿನ ಹಾಗೆ ಬಂದು ಅರ್ಧಕ್ಕೆ ನಿಲ್ಲುತ್ತದೆ. ಅಗ್ನಿಶಾಮಕದ ಟಾಕ್‌ಗ್ರೂಪ್ (ಅವರ ಗುಂಪಿನ ಮಾತಿನ ಚಾನೆಲ್) ಕೆಲವು ದಿನ ಬರುವುದೇ ಇಲ್ಲ. ದೊಡ್ಡ ಆಂಟೆನಾ ಹಾಕಿದರೆ ಸರಿಹೋಗುತ್ತಾ?

ತಂತಿಕಂಬ: ನನಗೂ ಅಂಗಡಿಯವನು ಇದನ್ನೇ ಹೇಳಿದ್ದ, "ಆಂಟೆನಾ ಏರಿಸಿ, ಎಲ್ಲ ಸರಿಹೋಗುತ್ತೆ" ಅಂತ. ಕಂಬ, ಕ್ಲಾಂಪು, ಸಿಡಿಲು ತಡೆಯುವ ಅರೆಸ್ಟರ್, ಅದಕ್ಕೆ ಅರ್ತಿಂಗ್. ಕೇಬಲ್ ಅಂತ ಅವನೇ ಕೊಟ್ಟಿದ್ದು 15 ಮೀಟರ್ ಆರ್‌ಜಿ-58, ತೆಳು ಕೇಬಲ್. ಈ ಫ್ರೀಕ್ವೆನ್ಸಿಯಲ್ಲಿ ಅಷ್ಟು ಉದ್ದ ಇಳಿಯುವಷ್ಟರಲ್ಲಿ ಸಿಗ್ನಲ್‌ನ ಮುಕ್ಕಾಲು ಪಾಲು ಮಾಯ. ಅದನ್ನು ಕಿತ್ತು ಸಿಗ್ನಲ್ ಕಡಿಮೆ ಸೋರುವ ದಪ್ಪ ಕೇಬಲ್, ಎಲ್‌ಎಂಆರ್-400 ಎಳೆದೆ. ಅದು ಬಗ್ಗುವುದಿಲ್ಲ, ಗೋಡೆಯ ತೂತು ಮತ್ತೆ ದೊಡ್ಡದು ಮಾಡಬೇಕಾಯಿತು. ಕನೆಕ್ಟರ್ ಎಲ್ಲ ಬೇರೆ. ಕೊನೆಗೆ ಸಿಗ್ನಲ್ ಏರಿತು, ಡಿಕೋಡ್ (ಡಿಜಿಟಲ್ ಸಿಗ್ನಲ್ ಬಿಡಿಸಿ ಮಾತಾಗಿಸುವುದು) ಇನ್ನೂ ಕೆಟ್ಟಿತು! ಸುತ್ತಲಿನ ಟವರ್‌ಗಳೆಲ್ಲ ಒಟ್ಟಿಗೆ, ಒಂದರ ಮೇಲೊಂದು ಕೇಳಿಸತೊಡಗಿದರೆ ಇನ್ನೇನಾಗುತ್ತೆ? ಆಮೇಲೆ ಒಂದೇ ಟವರ್ ಕಡೆ ಮುಖ ಮಾಡಿದ ಯಾಗಿ ಆಂಟೆನಾ ಹಾಕಿ, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಒತ್ತಿದೆ. ಈಗ ಪರವಾಗಿಲ್ಲ. ಖರ್ಚು ಕೇಳಬೇಡಿ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಜೇಬುರೇಡಿಯೋ: ಇಷ್ಟೆಲ್ಲ ಸರ್ಕಸ್ ಯಾಕೆ ಸರ್? ಎಸ್‌ಡಿಎಸ್100 ಅನ್ನೋ ಕೈ ಸ್ಕ್ಯಾನರ್ ತಗೊಂಡರೆ ಮುಗೀತು. ಒಂದು ಸಿಂಬಲ್‌ಗೆ, ಅಂದರೆ ಒಮ್ಮೆಗೆ ಕಳಿಸುವ ಡೇಟಾ ತುಣುಕಿಗೆ, ಸಿಗುವುದು ಸುಮಾರು 208 ಮೈಕ್ರೋಸೆಕೆಂಡ್. 15 ಕಿಲೋಮೀಟರ್ ದೂರ ಜಾಸ್ತಿ ಇರುವ ಟವರ್‌ನ ಸಿಗ್ನಲ್ 50 ಮೈಕ್ರೋಸೆಕೆಂಡ್ ತಡ, ಅಂದರೆ ಕಾಲು ಸಿಂಬಲ್. ಫ್ರೀಕ್ವೆನ್ಸಿಯ ಏರಿಳಿತ ಮಾತ್ರ ನೋಡುವ ಹಳೆ ಕಾಲದ ಎಫ್‌ಎಂ ಡಿಸ್ಕ್ರಿಮಿನೇಟರ್ ಅಲ್ಲೇ ಎಡವುತ್ತದೆ. ಸಿಗ್ನಲ್‌ನ ಬಲ, ಫೇಸ್ ಎರಡನ್ನೂ ನೋಡುವ ಇದರಂಥ ಐ-ಕ್ಯೂ ರಿಸೀವರ್ ಇದ್ದರೆ ಜೇಬಲ್ಲಿಟ್ಟುಕೊಂಡು ಓಡಾಡಬಹುದು. ಫಿಲ್ಟರನ್ನು ಸ್ವಲ್ಪ ಬದಲಾಯಿಸಿ ನೋಡಬೇಕು, ಅಷ್ಟೇ. ನನ್ನದು ಕೊಂಡ ದಿನದಿಂದ ಗಾಜಿನಷ್ಟು ಸ್ಪಷ್ಟ.

ಡಾಂಗಲ್‌ಧೀರ: ದುಡ್ಡು ಜಾಸ್ತಿ ಇದ್ದವರಿಗೆ ಎಲ್ಲವೂ "ಮುಗೀತು". ಕಂಪ್ಯೂಟರ್‌ಗೆ ಚುಚ್ಚುವ ರೇಡಿಯೋ ರಿಸೀವರ್ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಮಾತು ಬಿಡಿಸುವ ತಂತ್ರಾಂಶ ಎಸ್‌ಡಿಆರ್‌ಟ್ರಂಕ್, ಅದರಲ್ಲಿ ಮಾಡ್ಯುಲೇಷನ್ ಸಿಮಲ್‌ಕಾಸ್ಟ್ ಅಂತ ಆರಿಸಿ. ತಂತ್ರಾಂಶ ಪುಕ್ಕಟೆ. ಹೌದು, ಒಂದು ಡಾಂಗಲ್‌ಗೆ ಕಾಣುವುದು ಸುಮಾರು 2.4 ಮೆಗಾಹರ್ಟ್ಸ್ ಅಗಲ ಮಾತ್ರ. ನನ್ನ ಸಿಸ್ಟಂನ ಚಾನೆಲ್‌ಗಳು 851ರಿಂದ 860ರವರೆಗೆ ಚೆಲ್ಲಿಕೊಂಡಿವೆ. ಹಾಗಾಗಿ ಒಂದರ ಹಿಂದೊಂದು ಡಾಂಗಲ್ ಬಂತು. ಮೊದಲಿನದರಲ್ಲಿ ಟಿಸಿಎಕ್ಸ್‌ಒ (ಬಿಸಿಗೆ ಜಾರದ ಆಸಿಲೇಟರ್) ಇರಲಿಲ್ಲ, ಬಿಸಿಯಾದಂತೆ ಫ್ರೀಕ್ವೆನ್ಸಿ ಜಾರುತ್ತಿತ್ತು, ಪಿಪಿಎಂ (ಜಾರಿದ್ದಕ್ಕೆ ತಿದ್ದುಪಡಿ) ಸರಿಮಾಡುತ್ತಾ ಕೂರಬೇಕಿತ್ತು. ಯುಎಸ್‌ಬಿ ಹಬ್ ಸುಟ್ಟಿತು. ಲ್ಯಾಪ್‌ಟಾಪ್ ಎಬ್ಬಿಸುವ ರೇಡಿಯೋ ಗದ್ದಲ ಸಾಕಾಗಿ ಉದ್ದ ಯುಎಸ್‌ಬಿ ವೈರ್, ಅದಕ್ಕೆ ಗದ್ದಲ ತಡೆಯುವ ಫೆರೈಟ್ ಉಂಗುರ. ಆದರೂ ಎಲ್ಲ ಟಾಕ್‌ಗ್ರೂಪ್ ಒಟ್ಟಿಗೆ ರೆಕಾರ್ಡ್ ಆಗುತ್ತವೆ. ನಿಮ್ಮ ಜೇಬು ಒಂದನ್ನಷ್ಟೇ ಕೇಳುತ್ತದೆ.

ಜೇಬುರೇಡಿಯೋ: ಹಬ್ ಸುಟ್ಟಿದ್ದು, ವೈರು, ಡಾಂಗಲ್, ಎಲ್ಲ ಕೂಡಿಸಿ ನೋಡಿದ್ದೀರಾ ಗುರೂ? "ಪುಕ್ಕಟೆ" ಅಂತೀರಲ್ಲ! ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ವಾಕಿಂಗ್ ಹೋಗ್ತೀರಾ?

ಡಾಂಗಲ್‌ಧೀರ: ವಾಕಿಂಗಲ್ಲಿ ಪೊಲೀಸ್ ಮಾತು ಕೇಳುವವರು ಯಾರು ಅಂತಾನೇ ಅರ್ಥವಾಗಲ್ಲ.

ಮೌನರಾಗ: ನೀವಿಬ್ಬರೂ ಕೇಳಿಸಿಕೊಳ್ಳುವ ಭಾಗ್ಯವಂತರು. ನಾನು ಹೊಸ ಸ್ಕ್ಯಾನರ್ ಕೊಂಡು, ಪಿ25ರ ಹೊಸ ಬಗೆ ಫೇಸ್ 2 ಕೇಳುವ ಅಪ್‌ಗ್ರೇಡ್‌ಗೂ ಬೇರೆ ಹಣ ಕಟ್ಟಿ, ಪ್ರೋಗ್ರಾಂ ಮಾಡಿ ಮುಗಿಸುವಷ್ಟರಲ್ಲಿ ಇಲ್ಲಿ ಪೊಲೀಸ್ ಟಾಕ್‌ಗ್ರೂಪ್‌ಗಳೆಲ್ಲ ಎಇಎಸ್-256 ಎನ್‌ಕ್ರಿಪ್ಷನ್‌ಗೆ (ಕೀಲಿ ಇಲ್ಲದವರಿಗೆ ತಿಳಿಯದ ಗೂಢಲಿಪಿ) ಹೋದವು. ಯಾಗಿ ಹಾಕಿ, ಐ-ಕ್ಯೂ ತನ್ನಿ, ಒಂದು ಪದವೂ ಬರಲ್ಲ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಈಗ ಕಸ ಎತ್ತುವ ಗಾಡಿಗಳ ಮಾತು ಕೇಳ್ತೀನಿ. ಬಹಳ ಸ್ಪಷ್ಟವಾಗಿದೆ. ಮತ್ತೆ, ಟಾಕ್‌ಗ್ರೂಪ್ ಬರದ ದಿನ ರಿಸೀವರನ್ನು ಬೈಯಬೇಡಿ. ಆ ಗುಂಪಿನ ಒಂದು ರೇಡಿಯೋನಾದರೂ ನೀವು ಕೇಳುತ್ತಿರುವ ಸೈಟ್‌ಗೆ (ಆ ಟವರ್ ಅಥವಾ ಟವರ್ ಗುಂಪಿಗೆ) ಅಫಿಲಿಯೇಟ್, ಅಂದರೆ ನೋಂದಣಿ, ಆಗಿರದಿದ್ದರೆ ಸಾಮಾನ್ಯವಾಗಿ ಮಾತು ಆ ಸೈಟ್‌ಗೆ ಬರುವುದೇ ಇಲ್ಲ.

ತಂತಿಕಂಬ: ಎನ್‌ಕ್ರಿಪ್ಟ್ ಮಾಡಿದ್ದು ಒಳ್ಳೆಯದೇ ಮೇಡಂ. ಕಳ್ಳರೂ ಕೇಳ್ತಾರಲ್ವಾ?

ಮೌನರಾಗ: ಕಂಬ ಹಾಕಿದವರು ನೀವು, ಉಪದೇಶ ನನಗೆ! ಹಾಗಿದ್ದರೆ ಆ ಯಾಗಿ ಇಳಿಸಿಬಿಡಿ.

ಡಾಂಗಲ್‌ಧೀರ: ಇಳಿಸಿದರೆ ಆ ಎಲ್‌ಎಂಆರ್-400 ನನಗೆ ಕೊಡಿ. ಸುಮ್ನೆ ಗೋಡೆಯಲ್ಲಿ ಯಾಕೆ?

ತಂತಿಕಂಬ: ಕೊಡಲ್ಲ.

ಹೊಸಕಿವಿ: ಇದ್ದ ಪುಟ್ಟ ಆಂಟೆನಾದಲ್ಲೇ ಅಟೆನ್ಯುಯೇಟರ್ ಒತ್ತಿ, ಸ್ಕ್ಯಾನರನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆ. ಗೆರೆ ಎರಡೇ ಉಳಿಯಿತು, ಮಾತು ಮುಂಚಿಗಿಂತ ವಾಸಿ.

ಜೇಬುರೇಡಿಯೋ: ಅದು ತಾತ್ಕಾಲಿಕ. ನೋಡ್ತಾ ಇರಿ, ಕೊನೆಗೆ ಎಸ್‌ಡಿಎಸ್‌ಗೇ ಬರ್ತೀರಿ.