ಪದಚರ್ಚೆ: ಮಾನಿಟರ್ ‘ಮಿನುಗುತ್ತದೆ’ ಅಂದರೆ ಕೆಟ್ಟಿದೆ ಅಂತ ಅರ್ಥವಾಗುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರು ಮಾಡುತ್ತೇವೆ. ಒಂದೇ ಕಂಪ್ಯೂಟರಿಗೆ ಎರಡು ಮಾನಿಟರ್. ಒಂದು ನಮ್ಮ ಕಡೆಗೆ, ಇನ್ನೊಂದು ಗಿರಾಕಿಗಳ ಕಡೆಗೆ ತಿರುಗಿಸಿಟ್ಟದ್ದು. ಹೆಸರು, ಮುಹೂರ್ತ, ಒತ್ತಕ್ಷರ ಎಲ್ಲ ಸರಿಯಿದೆಯಾ ಅಂತ ಅವರೇ ಓದಿ ಒಪ್ಪಿದ ಮೇಲೆ ಪ್ರಿಂಟಿಗೆ ಹೋಗುತ್ತದೆ.

ಹೋದ ತಿಂಗಳು ನಾನು ಹರಿಹರಕ್ಕೆ ಹೋಗಿದ್ದಾಗ ಅಂಗಡಿಯ ಹುಡುಗಿ ಫೋನ್ ಮಾಡಿದಳು. “ಅಣ್ಣಾ, ಗಿರಾಕಿ ಕಡೇದು ಆಡ್ತೈತಿ” ಅಂದಳು. ಆಡುತ್ತಿದೆ ಅಂದರೆ ವೈರ್ ಸಡಿಲ ಇರಬೇಕು ಅಂದುಕೊಂಡು ಕೇಬಲ್ ಬಿಚ್ಚಿಸಿ ಮತ್ತೆ ಹಾಕಿಸಿದೆ. ಕಂಪ್ಯೂಟರ್ ಆಫ್ ಮಾಡಿಸಿ ಆನ್ ಮಾಡಿಸಿದೆ. ಏನೂ ಆಗಲಿಲ್ಲ. ಮದುವೆ ಮನೆಯವರು ಕಾದು ಕಾದು ಎದ್ದುಹೋದರು. ಸಂಜೆ ಬಂದು ನೋಡಿದರೆ ಮಾನಿಟರ್ ಚೆನ್ನಾಗಿಯೇ ಇದೆ, ಕೆಳಗಿನ ಟಾಸ್ಕ್‌ಬಾರ್ ಅಲುಗದೆ ನಿಂತಿದೆ. ಕಾರ್ಡಿನ ನಮೂನೆ ತೆರೆದಿಟ್ಟಿದ್ದ ಬ್ರೌಸರ್ ಒಂದೇ ಮಂಕಾಗಿ ಬೆಳಗಾಗಿ ಮಾಡುತ್ತಿತ್ತು. ನಮ್ಮ ಕಡೆಯ ಮಾನಿಟರ್ 75 ಹರ್ಟ್ಜ್‌ನಲ್ಲಿತ್ತು, ಗಿರಾಕಿಗಳ ಕಡೆಯದು 60ರಲ್ಲಿ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬಿಡಿಸುತ್ತದೆ ಅನ್ನುವ ಲೆಕ್ಕ). ಎರಡನ್ನೂ 60ಕ್ಕೆ ತಂದು, ಬ್ರೌಸರಿನ ಹಾರ್ಡ್‌ವೇರ್ ಆಕ್ಸೆಲರೇಷನ್ (ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ಸೆಟ್ಟಿಂಗ್) ಆಫ್ ಮಾಡಿದೆ, ನಿಂತಿತು. ಕೇಬಲ್ಲಿಗೆ ಕೈ ಹಚ್ಚುವ ಅಗತ್ಯವೇ ಇರಲಿಲ್ಲ.

ಮತ್ತೆ ಹೀಗಾಗಬಾರದು ಅಂತ ಯಾವ ತೊಂದರೆಗೆ ಏನು ಮಾಡಬೇಕು ಅನ್ನುವುದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಲು ಕೂತೆ. ಮೊದಲನೇ ಸಾಲು, ‘ಮಾನಿಟರ್ ಮಿನುಗಿದರೆ’ ಅಂತ. ಹುಡುಗಿ ಓದಿ, “ಮಿನುಗೋದು ಚಂದ ಅಲ್ವೇನಣ್ಣಾ?” ಅಂದಳು. ಅವಳ ಮಾತು ನಿಜ. ನಕ್ಷತ್ರ ಮಿನುಗುತ್ತದೆ, ಮೂಗುತಿ ಮಿನುಗುತ್ತದೆ, ಜರಿ ಮಿನುಗುತ್ತದೆ. ನಿಘಂಟು ಏನೇ ಹೇಳಲಿ, ಈ ಪದದೊಳಗೆ ಮೆಚ್ಚುಗೆ ಕೂತಿದೆ. ಕೆಟ್ಟ ಮಾನಿಟರಿಗೆ ಅದು ಹೊಂದುವುದಿಲ್ಲ.

ಆಮೇಲೆ ‘ಮಿಣುಕು’ ಹೊಳೆಯಿತು. ಎಣ್ಣೆ ತೀರಿದ ದೀಪ ಮಿಣುಕುತ್ತದೆ, ಮಿಣುಕುಹುಳವೂ ಮಿಣುಕುತ್ತದೆ. ಬೆಳಕು ಕುಗ್ಗಿ ಮತ್ತೆ ಏಳುವುದು ಅದರಲ್ಲಿದೆ, ಹೊಗಳಿಕೆ ಇಲ್ಲ. ನನ್ನ ಅಂಗಡಿಯಲ್ಲಿ ಆಗಿದ್ದು ಇದೇ. ಆದರೆ ಇನ್ನೊಂದು ತೊಂದರೆ ಇದೆ: ಮಾನಿಟರ್ ಒಂದೆರಡು ಕ್ಷಣ ಪೂರ್ತಿ ಕಪ್ಪಾಗಿ, ಏನೂ ಆಗಿಲ್ಲವೆಂಬಂತೆ ಮರಳಿ ಬರುವುದು. ಎಚ್‌ಡಿಎಂಐ ಕೇಬಲ್ ಸರಿಯಿಲ್ಲದೆ ಸಿಗ್ನಲ್ ಕಡಿದಾಗ ಹೀಗಾಗುತ್ತದೆ, ಆಗ ಕೇಬಲ್ ಬದಲಿಸುವುದೇ ಸರಿ. ಇದು ಮಿಣುಕುವುದಲ್ಲ. ರೆಪ್ಪೆ ಮುಚ್ಚಿ ತೆರೆದ ಹಾಗೆ, ‘ಮಿಟುಕು’ವುದು. ಎರಡಕ್ಕೂ ಮದ್ದು ಬೇರೆ, ಆದ್ದರಿಂದ ಪದವೂ ಬೇರೆ ಬೇಕು. ನನ್ನ ಅನುಮಾನ ಒಂದೇ: ಫೋನಿನಲ್ಲಿ, ಅದೂ ರಸ್ತೆಯ ಗದ್ದಲದಲ್ಲಿ, ಮಿಣುಕು ಮತ್ತು ಮಿಟುಕು ಒಂದೇ ಥರ ಕೇಳಿಸುತ್ತವೆ. ಎರಡನೆಯದಕ್ಕೆ ‘ಕಪ್ಪಾಗಿ ಬರ್ತೈತಿ’ ಅಂತ ಬಿಡಿಸಿ ಹೇಳುವುದೇ ಮೇಲೇನೋ.

ಇದಕ್ಕಿಂತ ನನ್ನನ್ನು ಕಾಡಿದ್ದು ವಾಕ್ಯದ ಕರ್ತೃ. ‘ಆಡ್ತೈತಿ’, ‘ಹೋಗೈತಿ’, ‘ಬರ್ತಿಲ್ಲ’ ಅಂತ ಕ್ರಿಯಾಪದ ಒಂದನ್ನೇ ಆಡಿ ಮುಗಿಸುವುದು ನಮ್ಮ ರೂಢಿ. ಎದುರಿಗಿದ್ದಾಗ ಸಾಕು. ಮಾನಿಟರಿನ ವಿಷಯದಲ್ಲಿ ಮಾತ್ರ ಯಾವುದು ಆಡುತ್ತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಉಳಿದದ್ದರ ಜೊತೆ ಅದೂ ಮಿಣುಕಿದರೆ ಡಿಸ್ಪ್ಲೇ ಡ್ರೈವರನ್ನು (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ನೋಡಬೇಕು. ಅದೊಂದು ಸ್ಥಿರವಾಗಿ ನಿಂತು ಉಳಿದದ್ದು ಮಿಣುಕಿದರೆ ಯಾವುದೋ ಅಪ್ಲಿಕೇಷನ್ನಿನ ತೊಂದರೆ. ಹಾಗಾಗಿ ಹಾಳೆಯಲ್ಲಿ ‘ಇಡೀ ಮಾನಿಟರ್ ಮಿಣುಕಿದರೆ’, ‘ಪೇಜ್ ಒಂದೇ ಮಿಣುಕಿದರೆ’ ಅಂತ ಎರಡು ಸಾಲು ಬರೆದಿದ್ದೇನೆ. ವಿಂಡೋ ಅನ್ನುವುದಕ್ಕೆ ‘ಕಿಟಕಿ’ ಅಂತ ಬರೆಯಲಿಲ್ಲ. ನಮ್ಮಲ್ಲಿ ಯಾರೂ ಹಾಗೆ ಅನ್ನುವುದಿಲ್ಲ.

ಇನ್ನು ನಿಜವಾಗಿ ಸಿಕ್ಕಿಬಿದ್ದದ್ದು. ಚಿತ್ರ ಸರಿಸುವಾಗ ಅಡ್ಡಕ್ಕೆ ಸೀಳಿದಂತಾಗಿ ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಒಂದು ಕಡೆ ಜರುಗಿ ಕಾಣುತ್ತದಲ್ಲ, ಅದಕ್ಕೇನು ಅನ್ನುವುದು? ಇಂಗ್ಲಿಷಿನವರಂತೆ ‘ಸ್ಕ್ರೀನ್ ಹರಿದಿದೆ’ ಅಂದರೆ ನಮ್ಮ ಅಂಗಡಿಯಲ್ಲಿ ಅನರ್ಥ. ಕಾರ್ಡ್ ಕೆಲಸದವರಿಗೆ ಸ್ಕ್ರೀನ್ ಅಂದರೆ ಸ್ಕ್ರೀನ್ ಪ್ರಿಂಟಿಂಗಿನ ಬಲೆಬಟ್ಟೆ, ಅದು ನಿಜವಾಗಿಯೂ ಹರಿಯುತ್ತದೆ. ಮೊದಲ ದಿನವೇ ಹುಡುಗರು ಎದ್ದು ಅದನ್ನು ನೋಡಲು ಹೋಗಿದ್ದರು. ‘ಪರದೆ ಹರಿದಿದೆ’ ಅಂದರೆ ಗಾಜೇ ಹೋಯಿತು ಅಂದುಕೊಳ್ಳುತ್ತಾರೆ.

ಆಗುವುದೇನೆಂದರೆ, ಮಾನಿಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬಿಡಿಸುತ್ತದೆ. 1920ಕ್ಕೆ 1080ರ ಮಾನಿಟರಿನಲ್ಲಿ 1080 ಸಾಲು, 60 ಹರ್ಟ್ಜ್ ಅಂದರೆ ಸೆಕೆಂಡಿಗೆ 60 ಸಲ. ಅರ್ಧ ಬಿಡಿಸಿರುವಾಗಲೇ ಗ್ರಾಫಿಕ್ಸ್ ಕಾರ್ಡ್ ಮುಂದಿನ ಚಿತ್ರ ಕೊಟ್ಟುಬಿಟ್ಟರೆ ಮೇಲೆ ಹಳೆಯದು, ಕೆಳಗೆ ಹೊಸದು. ವಿ-ಸಿಂಕ್ ಅನ್ನುವ ಸೆಟ್ಟಿಂಗ್ ಇರುವುದು ಇದನ್ನು ತಡೆಯಲು. ಮಗ್ಗದಲ್ಲಿ ಹೊಕ್ಕಿನ ಎಳೆ ಒಂದರ ಮೇಲೊಂದು ಕೂತು ಬುಟ್ಟಾ ಮೂಡುವ ಹಾಗೆಯೇ ಇದೂ ಅನ್ನಿಸಿ, ಸದ್ಯಕ್ಕೆ ‘ಸಾಲು ತಪ್ಪಿದೆ’ ಅಂತ ಬರೆದಿದ್ದೇನೆ. ಮೊಳಕಾಲ್ಮುರು ಕಡೆಯವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಸೀರೆ ನೇಯುವಾಗ ಬುಟ್ಟಾದ ಮೇಲರ್ಧಕ್ಕೂ ಕೆಳಗರ್ಧಕ್ಕೂ ಜೋಡಣೆ ತಪ್ಪಿದರೆ ನೇಕಾರರು ಏನನ್ನುತ್ತಾರೆ? ಆ ಮಾತು ಸಿಕ್ಕರೆ ನಾನು ಕಟ್ಟಿದ್ದನ್ನು ಅಳಿಸಿ ಅದನ್ನೇ ಬರೆಯುತ್ತೇನೆ.

ಉಳಿದವಕ್ಕೆ ಹೆಚ್ಚು ತಿಣುಕಬೇಕಾಗಲಿಲ್ಲ. ವಿಜಿಎ ಕೇಬಲ್ಲಿನ ನೀಲಿ ಪಿನ್ ಕೈಕೊಟ್ಟರೆ ಬಿಳಿಯೆಲ್ಲ ಹಳದಿಯಾಗುತ್ತದೆ, ಅದಕ್ಕೆ ‘ಕಾಮಾಲೆ ಬಂದಂಗೈತಿ’ ಅಂದರೆ ಮಗುವಿಗೂ ತಿಳಿಯುತ್ತದೆ. ಅಕ್ಷರದ ಬಲಕ್ಕೆ ತೆಳ್ಳಗಿನ ನೆರಳು ಬಿದ್ದರೆ ಪ್ರೆಸ್ಸಿನವರ ‘ಡಬಲ್ ಬಂದಿದೆ’ ಸಾಕು. ನಡುಗುವುದಕ್ಕೆ ‘ಅದುರು’ ಇದೆ. ಚಿತ್ರದುರ್ಗದ ನನ್ನ ಭಾವನಿಗೆ ಅದು ಗಣಿಯ ಅದಿರಿನಂತೆ ಕೇಳುತ್ತದಂತೆ, ಆದರೂ ಇರಲಿ. ಒಂದು ಮಾನಿಟರಿನಲ್ಲಿ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಅಳತೆ) 100, ಇನ್ನೊಂದರಲ್ಲಿ 125 ಪರ್ಸೆಂಟ್ ಇದ್ದಾಗ ಕೆಲವು ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ, ಅದನ್ನು ‘ಮಸುಕು’ ಅಂದು, ಬೆಳಕು ಕಡಿಮೆಯಾದದ್ದನ್ನು ‘ಮಬ್ಬು’ ಅನ್ನಲೇ? ನಮ್ಮಲ್ಲಿ ಎರಡನ್ನೂ ಒಂದರ ಜಾಗದಲ್ಲಿ ಇನ್ನೊಂದು ಬಳಸುತ್ತಾರೆ.

ಮಂಡ್ಯ, ಮಂಗಳೂರು, ಬೀದರ್ ಕಡೆಯವರು ಟ್ಯೂಬ್‌ಲೈಟ್ ಹತ್ತಿ ಆರಿ ಮಾಡುವುದಕ್ಕೆ ಮನೆಯಲ್ಲಿ ಏನನ್ನುತ್ತೀರಿ ಅಂತಲೂ ಬರೆಯಿರಿ. ನಿಮ್ಮ ಉತ್ತರ ಬರುವವರೆಗೆ ಹಾಳೆ ಪೆನ್ಸಿಲ್ಲಿನಲ್ಲೇ ಇರುತ್ತದೆ, ಆಮೇಲೆ ಲ್ಯಾಮಿನೇಷನ್ ಮಾಡಿಸುತ್ತೇನೆ.